ಹೆಸರಿಡುವ ಗುಂಡಿ

ಈ ಕತೆಯಲ್ಲಿ ಸುಳ್ಳೆಂದರೆ ಶಶಿಕಾಂತನ ತಲೆಗೂದಲಿನ ಬಣ್ಣ ಒಂದೇ. ಉಳಿದದ್ದೆಲ್ಲ ನಡೆದದ್ದು ನಡೆದ ಹಾಗೆ. ಅನುಮಾನವಿದ್ದವರು ಸಿರುಗುಪ್ಪದ ಬಸ್ಸು ಹತ್ತಿ ಹೋಗಿ ಅಕ್ಕಿ ಗಿರಣಿಯ ಚನ್ನವೀರಮ್ಮನನ್ನು ಕೇಳಬಹುದು. ಆಕೆ ಹೇಳುತ್ತಾಳೆ, ಆದರೆ ನಗು ನಿಂತ ಮೇಲೆ.

ಬಳ್ಳಾರಿಯಲ್ಲಿ ಶಶಿಕಾಂತನದೊಂದು ಫೋಟೋ ಸ್ಟುಡಿಯೊ. ಬೋರ್ಡಿನ ಮೇಲೆ ಮಾತ್ರ ಅದು ಸ್ಟುಡಿಯೊ ಅಲ್ಲ, ‘ವೆಡ್ಡಿಂಗ್ ಸಿನಿಮಾ ಹೌಸ್’. ಒಳಗೆ ಸಿನಿಮಾವೂ ಇಲ್ಲ, ಅದು ಹೌಸೂ ಅಲ್ಲ; ಮೊಬೈಲ್ ರಿಪೇರಿ ಅಂಗಡಿಯ ಮಹಡಿ ಮೇಲಿನ ಎರಡು ಕೋಣೆ. ಎಸಿ ಇದ್ದದ್ದು ಶಶಿಕಾಂತನದು. ಫ್ಯಾನು ಇದ್ದದ್ದು, ಅದೂ ಮನಸ್ಸು ಬಂದಾಗ ತಿರುಗುವಂಥದ್ದು, ಚೈತ್ರಾಳದು.

ಚೈತ್ರಾ ಕುರುಗೋಡಿನವಳು. ದಿನಾ ಬೆಳಿಗ್ಗೆ ಬಸ್ಸಿನಲ್ಲಿ ಬಂದು ಸಂಜೆ ಬಸ್ಸಿನಲ್ಲಿ ಹೋಗುವಳು. ಬಳ್ಳಾರಿಯ ಕಾಲೇಜಿನಲ್ಲಿ ಅವಳು ಬಿಕಾಂ ಕಲಿತದ್ದಕ್ಕಿಂತ ಬಿಕಾಂ ಕಲಿಸಿದವರ ದನಿ ಕಲಿತದ್ದೇ ಹೆಚ್ಚು. ಕಂಡಕ್ಟರ್, ಪ್ರಿನ್ಸಿಪಾಲರು, ಅಂಗಡಿ ಉದ್ಘಾಟನೆಗೆ ಮೈಕು ಹಿಡಿಯುವವನು, ಯಾರನ್ನು ಬೇಕಾದರೂ ಗಂಟಲೊಳಗೆ ಇಳಿಸಿಕೊಂಡು ಮತ್ತೆ ಹೊರಗೆ ಬಿಡುವಳು. ಅವರಲ್ಲೆಲ್ಲ ಅತಿ ಸುಲಭದವನು ಶಶಿಕಾಂತನೇ. ಒಮ್ಮೆ ಮೂಗೆಳೆದುಕೊಳ್ಳಬೇಕು, ಕೈಗಡಿಯಾರವನ್ನು ಮೇಲಕ್ಕೆ ಸರಿಸಬೇಕು, ‘ಸೀ’ ಅನ್ನಬೇಕು. ಆಮೇಲೆ ಅವನ ಬಳಿ ಇದ್ದ ನಾಲ್ಕು ಮಾತಿನಲ್ಲಿ ಯಾವುದಾದರೂ ಒಂದನ್ನು ಎಸೆದರೆ ಸಾಕು. ಐದನೆಯದು ಅವನ ಬಳಿ ಇರಲಿಲ್ಲ.

ಅವನು ಹುಟ್ಟಿದ್ದು ಸಿರುಗುಪ್ಪದ ಕಡೆಯ ಕರೂರಿನ ಭತ್ತದ ಗದ್ದೆ ಪಕ್ಕ. ಆದರೆ ಅವನ ಕನ್ನಡ ಮಾತ್ರ ಬೆಂಗಳೂರಿನಿಂದ ಪಾರ್ಸಲ್ ತರಿಸಿದಂತಿತ್ತು. ‘ಐತಿ’ ಅನ್ನುವ ಮಾತು ಅವನ ಬಾಯಿಂದ ಹೊರಬೀಳಬೇಕಾದರೆ ಕಾಲ ಮೇಲೆ ಕ್ಯಾಮೆರಾ ಸ್ಟ್ಯಾಂಡು ಬೀಳಬೇಕಿತ್ತು.

ಚೈತ್ರಾಳ ಕೆಲಸ ಫೋಟೋಗಳಿಗೆ ಹೆಸರಿಡುವುದು. ಮದುವೆಗೆ ಮೂರು ಕ್ಯಾಮೆರಾ ಹೋದರೆ ಮೂರೂ ತಮ್ಮ ಫೋಟೋಗಳಿಗೆ ಡಿಎಸ್‌ಸಿ ಇಷ್ಟು, ಡಿಎಸ್‌ಸಿ ಅಷ್ಟು ಎಂದು ಬಳ್ಳಾರಿ ಜೈಲಿನ ಕೈದಿಗಳಂತೆ ನಂಬರು ಕಟ್ಟಿ ಕಳಿಸುತ್ತವೆ. ಒಂದೇ ನಂಬರಿನ ಫೋಟೋ ಮೂರು ಕಡೆ. ಒಂದರಲ್ಲಿ ತಾಳಿ, ಒಂದರಲ್ಲಿ ಹೋಳಿಗೆ, ಮತ್ತೊಂದರಲ್ಲಿ ಕ್ಯಾಮೆರಾದವನದೇ ಚಪ್ಪಲಿ. ಇವನ್ನೆಲ್ಲ ವಿಂಗಡಿಸಿ ‘ಅರಿಶಿಣ’, ‘ಅಕ್ಕಿಕಾಳು’, ‘ಊಟ’ ಎಂದು ಹೆಸರಿಟ್ಟು ಹಿಂದೆ ನಂಬರು ಹಚ್ಚಬೇಕು. ಯಾಕೆಂದರೆ ಈ ಸೀಮೆಯ ರಿವಾಜು ಹಾಗಿದೆ. ಆಲ್ಬಂಗೆ ಯಾವ ಫೋಟೋ ಬೇಕು ಅನ್ನುವುದನ್ನು ಮನೆಮಂದಿಯೆಲ್ಲ ಟಿವಿ ಮುಂದೆ ಕೂತು ಆರಿಸುತ್ತಾರೆ. ಒಬ್ಬರು ಫೋಟೋದ ಹೆಸರು ಕೂಗುತ್ತಾರೆ, ಉಳಿದವರು ‘ಇರ್ಲಿ’ ಅಥವಾ ‘ಬ್ಯಾಡ’ ಅನ್ನುತ್ತಾರೆ, ಇನ್ನೊಬ್ಬರು ಹಂಚಿ ಉಳಿದ ಲಗ್ನಪತ್ರಿಕೆಯ ಬೆನ್ನಿಗೆ ಬರೆದುಕೊಳ್ಳುತ್ತಾರೆ.

ಒಂದು ದಿನ ಶಶಿಕಾಂತ ಎಸಿ ಕೋಣೆಯಿಂದ ಫ್ಯಾನಿನ ಕೋಣೆಗೆ ದಯಮಾಡಿಸಿದ. ಯೂಟ್ಯೂಬಿನಲ್ಲಿ ಯಾವನೋ ಗಡ್ಡದವನು ಹೇಳಿಕೊಟ್ಟ ಹೊಸ ಸಾಫ್ಟ್‌ವೇರು ಸಿಕ್ಕಿತ್ತು. ಫೋಲ್ಡರು ತೋರಿಸಬೇಕು, ಹೊಸ ಹೆಸರು ಕೊಡಬೇಕು, ಗುಂಡಿ ಒತ್ತಬೇಕು. ಸಾವಿರಾರು ಫೋಟೋ ಕಣ್ಣು ಮುಚ್ಚಿ ತೆರೆಯುವುದರೊಳಗೆ ಹೊಸ ಹೆಸರು ಹೊತ್ತು ನಂಬರುವಾರು ನಿಲ್ಲುತ್ತವೆ. ಅದಕ್ಕೂ ಮುಂಚೆ ಆ ಸಾಫ್ಟ್‌ವೇರು ಮರ್ಯಾದೆಯಿಂದ, ಹಳೆ ಹೆಸರು ಇದು, ಹೊಸದು ಇದು, ಒಮ್ಮೆ ನೋಡಿಕೊಳ್ಳಿ ಎಂದು ತೋರಿಸುತ್ತದೆ. ಶಶಿಕಾಂತ ನೋಡಲಿಲ್ಲ.

‘ಸೀ,’ ಎಂದ ಮೂಗೆಳೆದು. ‘ಪ್ರಿವ್ಯೂ ನೋಡೋದು ಭಯ ಇರೋರು. ನಮ್ಮ ಲೆವೆಲ್ಲೇ ಬೇರೆ.’

‘ಹೌದ್ರಿ ಸರ್,’ ಎಂದಳು ಚೈತ್ರಾ.

‘ನೀನು ಎರಡು ದಿನ ಕೂತು ಮಾಡೋದನ್ನ ಇದು ಎರಡು ಸೆಕೆಂಡಲ್ಲಿ ಮುಗಿಸುತ್ತೆ. ಸಿರುಗುಪ್ಪದ ಗಾದಿಲಿಂಗಪ್ಪನವರ ಮಗಳ ಮದುವೆ ಫೋಟೋ ಇದೆಯಲ್ಲ, ಅದನ್ನ ಇದರಲ್ಲೇ ಮಾಡಿ ತೋರಿಸ್ತೀನಿ. ಸಕ್ಸಸ್ ಆದ್ರೆ ಮುಂದಿನ ತಿಂಗಳಿಂದ ನೀನು ಬರೋ ಅವಶ್ಯಕತೆ ಇಲ್ಲ. ತಪ್ಪು ತಿಳ್ಕೋಬೇಡ.’

‘ಇಲ್ರಿ ಸರ್. ಸರಿಯಾಗೇ ತಿಳಕೊಂಡೆ.’

ಕೆಲಸ ಹೋದರೆ ಕುರುಗೋಡಿನಲ್ಲಿ ಏನು ಕಾದಿದೆ ಎಂಬುದು ಅವಳಿಗೆ ಗೊತ್ತಿತ್ತು. ‘ಹುಡುಗಿ ನೌಕರಿ ಮಾಡಾಕತ್ಯಾಳ, ಈಗ್ಲೇ ಬ್ಯಾಡ’ ಎಂದು ಅವಳ ಅವ್ವ ಜಡೆಮ್ಮ ಗಂಡಿನ ಕಡೆಯವರನ್ನು ಇಷ್ಟು ದಿನ ಬಾಗಿಲಲ್ಲೇ ತಡೆದಿದ್ದಳು. ನೌಕರಿಯೇ ಇಲ್ಲವೆಂದರೆ ಜಡೆಮ್ಮನ ಬಾಯಿ ಕಟ್ಟುತ್ತದೆ, ಬಾಗಿಲು ತೆರೆಯುತ್ತದೆ. ಮಂದಿ ಮದುವೆಗೆ ಹೆಸರಿಡುತ್ತಿದ್ದವಳು ತಾನೇ ಯಾವುದೋ ಆಲ್ಬಮ್ಮಿನ ಮೊದಲ ಪುಟದಲ್ಲಿ ಬೊಂಬೆಯಂತೆ ನಿಲ್ಲಬೇಕು. ಆ ಫೋಟೋ ತೆಗೆಯುವವನೂ ಇಂಥವನೇ ಒಬ್ಬ ಇರುತ್ತಾನೆ.

‘ಹೆಸರು ಟೈಪ್ ಮಾಡಿಡು,’ ಎಂದ ಶಶಿಕಾಂತ. ‘ಅದು ಲೇಬರ್ ವರ್ಕ್. ಬಟನ್ ನಾನು ಒತ್ತುತೀನಿ.’

ಅವನು ಹಾಗೆ ಅನ್ನದೇ ಇದ್ದಿದ್ದರೆ ಅವಳು ‘ಅರಿಶಿಣ’ ಎಂದೇ ಟೈಪ್ ಮಾಡುತ್ತಿದ್ದಳೇನೋ. ನಾಲ್ಕು ಫೋಲ್ಡರು ಇದ್ದವು. ಶಶಿಕಾಂತನ ಬಳಿ ನಾಲ್ಕು ಮಾತು ಇದ್ದವು. ಕೆಂಚನಗುಡ್ಡದ ಹೊಳೆದಂಡೆಯಲ್ಲಿ ಮದುವೆಗೆ ಮುಂಚೆ ತೆಗೆದ ಫೋಟೋಗಳಿಗೆ ‘ನಮ್ಮ ಲೆವೆಲ್ಲೇ ಬೇರೆ’ ಎಂದು ಹೆಸರು ಕೊಟ್ಟಳು. ಅರಿಶಿಣಕ್ಕೆ ‘ಬೇಸಿಕ್ ಸೆನ್ಸ್ ಬೇಕು’. ತಾಳಿ ಕಟ್ಟುವ ಹೊತ್ತಿನ ಅಕ್ಕಿಕಾಳಿಗೆ ‘ಇದನ್ನೂ ನಾನೇ ಹೇಳಬೇಕಾ’. ಊಟದ ಫೋಲ್ಡರಿಗೆ ಬಂದಾಗ ಬೆರಳು ಒಂದಿಷ್ಟು ತಡೆಯಿತು. ಉಳಿದಿದ್ದ ಮಾತು ಗಿರಾಕಿಗಳು ಮೆಟ್ಟಿಲಿಳಿದ ಮೇಲೆ ಶಶಿಕಾಂತ ಬಾಗಿಲು ಹಾಕಿಕೊಂಡು ಆಡುವಂಥದ್ದು: ‘ಹಳ್ಳಿ ಜನಕ್ಕೆ ಏನು ಗೊತ್ತಾಗುತ್ತೆ’. ಹೋಗುವವಳಿಗೆ ಎಂಥ ಹಂಗು ಎಂದು ಅದನ್ನೂ ಹಾಕಿದಳು. ಸಿರುಗುಪ್ಪದವರ ಮುಂದೆ ಇವನ ಗುಂಡಿಯ ಮರ್ಯಾದೆ ಹೋದರೆ ತನ್ನ ಕೆಲಸ ಉಳಿಯಬಹುದು. ಕೆಲಸ ಉಳಿಯದಿದ್ದರೂ ಮಾನವಂತೂ ಹೋಗುತ್ತದೆ, ಅವನದು.

ಶಶಿಕಾಂತ ಬಂದ, ಗಡಿಯಾರ ಸರಿಸಿದ, ರಿಬ್ಬನ್ ಕತ್ತರಿಸುವವನ ಠೀವಿಯಲ್ಲಿ ಗುಂಡಿ ಒತ್ತಿದ. ಸಾಫ್ಟ್‌ವೇರು ‘ಒಮ್ಮೆ ನೋಡಿಕೊಳ್ಳಿ’ ಎಂದಿತು. ಅವನು ಅಷ್ಟರಲ್ಲಿ ಕಿಟಕಿಯ ಗಾಜಿನಲ್ಲಿ ತನ್ನನ್ನು ನೋಡಿಕೊಳ್ಳುತ್ತಿದ್ದ.

ಭಾನುವಾರ ಇಬ್ಬರೂ ಕಾರಿನಲ್ಲಿ ಸಿರುಗುಪ್ಪಕ್ಕೆ ಹೋದರು. ಲ್ಯಾಪ್‌ಟಾಪು ಹೊರುವುದೂ ಲೇಬರ್ ವರ್ಕೇ ಆದ್ದರಿಂದ ಚೈತ್ರಾಳ ಅಗತ್ಯವಿತ್ತು. ಗಾದಿಲಿಂಗಪ್ಪನ ಮನೆ ಗಿರಣಿಯ ಹಿಂದೆ. ಅಂಗಳಕ್ಕೆಲ್ಲ ತೌಡಿನ ವಾಸನೆ. ಶಶಿಕಾಂತ ಕಾರಿನಿಂದ ಇಳಿಯುತ್ತಲೇ ಕರ್ಚೀಫು ಮೂಗಿಗೆ ಹಿಡಿದ. ತೌಡಿನಲ್ಲೇ ಆಡಿ ಬೆಳೆದ ಮೂಗು ಅದು.

ಒಳಗೆ ಗೋಡೆಯಷ್ಟು ಅಗಲದ ಟಿವಿ. ಅದರೆದುರಿನ ಕುರ್ಚಿಯಲ್ಲಿ ಗಾದಿಲಿಂಗಪ್ಪನ ತಾಯಿ ಚನ್ನವೀರಮ್ಮ. ಪಕ್ಕದಲ್ಲಿ ತವರಿಗೆ ಬಂದಿದ್ದ ಮದುಮಗಳು ಅರುಣಾ. ಲಗ್ನಪತ್ರಿಕೆ, ಪೆನ್ನು ಹಿಡಿದು ಗಾದಿಲಿಂಗಪ್ಪ. ಎಲ್ಲರ ನಡುವೆ ತಟ್ಟೆ ತುಂಬ ಮಂಡಕ್ಕಿ ಒಗ್ಗರಣಿ, ಮಿರ್ಚಿ.

ಲ್ಯಾಪ್‌ಟಾಪಿಗೆ ವೈರು ಸಿಕ್ಕಿಸುವ ಮುಂಚೆ ಶಶಿಕಾಂತ ಆಟೋಮೇಶನ್ ಬಗ್ಗೆ ಭಾಷಣ ಮಾಡಿದ. ಮಿರ್ಚಿ ಆರುವಷ್ಟು ಹೊತ್ತು ಮಾಡಿದ. ಮೂಗೆಳೆದ, ಗಡಿಯಾರ ಸರಿಸಿದ, ಸೀ ಎಂದ. ನಮ್ಮ ಲೆವೆಲ್ಲೇ ಬೇರೆ ಎಂದ. ಬೇರೆ ಸ್ಟುಡಿಯೊದವರಿಗೆ ಬೇಸಿಕ್ ಸೆನ್ಸ್ ಬೇಕು ಎಂದ. ಪ್ಲಗ್ ಪಾಯಿಂಟ್ ಎಲ್ಲಿ ಅಂತ ಹುಡುಕುತ್ತಿದ್ದ ಚೈತ್ರಾಳಿಗೆ ಇದನ್ನೂ ನಾನೇ ಹೇಳಬೇಕಾ ಎಂದ. ನಾಲ್ಕನೆಯದನ್ನು ಮಾತ್ರ ಮನೆಯಲ್ಲಿ ಹಳ್ಳಿ ಜನ ಇದ್ದುದರಿಂದ ನುಂಗಿಕೊಂಡ. ಚನ್ನವೀರಮ್ಮ ಹೊಸ ಜಾತಿಯ ಎತ್ತನ್ನು ನೋಡುವಂತೆ ಅವನನ್ನೇ ನೋಡುತ್ತಿದ್ದಳು.

ಕೊನೆಗೂ ಟಿವಿಯಲ್ಲಿ ಮೊದಲ ಫೋಟೋ ಮೂಡಿತು. ಹೊಳೆದಂಡೆಯ ಕಲ್ಲಿನ ಮೇಲೆ ಅರುಣಾಳ ಗಂಡ ಕಪ್ಪು ಕನ್ನಡಕ ಹಾಕಿ, ಎದೆ ಉಬ್ಬಿಸಿ ನಿಂತಿದ್ದ. ಫೋಟೋದ ತಲೆಯ ಮೇಲೆ ದಪ್ಪಕ್ಷರದ ಹೆಸರು.

‘ನಮ್ಮ ಲೆವೆಲ್ಲೇ ಬೇರೆ, ಒಂದು,’ ಎಂದು ಓದಿದಳು ಅರುಣಾ.

‘ಯಾರ್ದವ್ವಾ ಲೆವಲ್ಲು?’ ಎಂದಳು ಚನ್ನವೀರಮ್ಮ.

‘ನಮ್ಮನಿಯವ್ರದು ಇರ್ಬೇಕಜ್ಜಿ. ಕಲ್ಲಿನ್ ಮ್ಯಾಲೆ ನಿಂತಾರ.’

‘ಕಲ್ಲಿನ್ ಮ್ಯಾಲೆ ನಿಂತ್ರ ಲೆವಲ್ ಬ್ಯಾರೇನ ಆಗ್ತೈತಿ ಬಿಡು. ಇರ್ಲಿ, ಬರ್ಕೋ ಗಾದಿಲಿಂಗ.’

ಶಶಿಕಾಂತ ಚೈತ್ರಾಳ ಕಡೆ ಬಾಗಿದ. ‘ಏನಿದು?’

‘ಆಟೋಮ್ಯಾಟಿಕ್ ಸರ್,’ ಎಂದಳು ಮೆಲ್ಲಗೆ. ‘ಬಟನ್ ನೀವೇ ಒತ್ತಿದ್ರಿ.’

‘ಹೊರಗ್ ಬಾ ಲೇ, ನಿನಗೈತಿ,’ ಎಂದ. ಕಾಲ ಮೇಲೆ ಏನೂ ಬೀಳದೆಯೇ ಕರೂರು ಹೊರಬಿದ್ದಿತ್ತು.

ಅರಿಶಿಣದ ಫೋಟೋಗಳು ಬಂದವು. ಮದುಮಗನ ಗೆಳೆಯರು ಯಾರೋ ಹಿರಿಯರ ಕಣ್ಣು, ಮೂಗು, ಬಾಯಿ ಬಿಡದೆ ಅರಿಶಿಣ ಮೆತ್ತುತ್ತಿದ್ದರು. ‘ಬೇಸಿಕ್ ಸೆನ್ಸ್ ಬೇಕು, ಎಂಟು,’ ಎಂದು ಅರುಣಾ ಓದಿದ್ದೇ ಗಾದಿಲಿಂಗಪ್ಪ ಪೆನ್ನು ಕೈಬಿಟ್ಟು ನಕ್ಕ. ಅಕ್ಕಿಕಾಳಿನ ಸರದಿಯಲ್ಲಿ ಮದುಮಗ ತಾಳಿ ಹಿಡಿದು ದಿಕ್ಕು ತಪ್ಪಿದವನಂತೆ ಅಯ್ಯನೋರ ಮುಖ ನೋಡುತ್ತಿದ್ದ, ಅಯ್ಯನೋರು ಮದುಮಗಳ ಕುತ್ತಿಗೆಯ ಕಡೆ ಬೆರಳು ತೋರಿಸುತ್ತಿದ್ದರು. ‘ಇದನ್ನೂ ನಾನೇ ಹೇಳಬೇಕಾ, ಮೂರು,’ ಎಂದು ಓದಲಾರದೆ ಅರುಣಾ ಸೆರಗು ಕಚ್ಚಿದಳು.

ಆರಿಸುವ ಕೆಲಸ ಹಿಂದೆಂದೂ ಇಷ್ಟು ಬೇಗ ಸಾಗಿರಲಿಲ್ಲ. ದೊಡ್ಡ ಮಗಳ ಮದುವೆಯಲ್ಲಿ ಡಿಎಸ್‌ಸಿ ನಂಬರುಗಳನ್ನು ಕೂಗಿ ಕೂಗಿ, ಯಾವುದು ಯಾವುದೆಂದು ಜಗಳವಾಗಿ, ಸೋದರಮಾವ ಊಟ ಬಿಟ್ಟು ಎದ್ದುಹೋಗಿದ್ದನಂತೆ. ಈಗ ಚನ್ನವೀರಮ್ಮ ಕಣ್ಣು ಮುಚ್ಚಿಕೊಂಡೇ, ‘ಆ ಬೇಸಿಕ್ ಸೆನ್ಸಿಂದು ದೊಡ್ಡದು ಮಾಡಿ ಹಾಕ್ರಿ,’ ಅನ್ನುತ್ತಿದ್ದಳು. ಇದನ್ನು ನೋಡಿ ಶಶಿಕಾಂತನ ಮುಖಕ್ಕೆ ಬಣ್ಣ ಮರಳತೊಡಗಿತು. ಚೈತ್ರಾಳಿಗೆ ಒಗ್ಗರಣಿ ರುಚಿಸದಾಯಿತು. ಮಾನ ಹೋಗಲಿ ಎಂದು ಮಾಡಿದ್ದು ಅವನಿಗೇ ಸನ್ಮಾನವಾಗಿ ತಿರುಗುತ್ತಿತ್ತು.

ಆಗ ಊಟದ ಫೋಲ್ಡರು ತೆರೆಯಿತು. ಅರುಣಾ ಬಾಯಿ ತೆರೆದವಳು ಹಾಗೇ ಮುಚ್ಚಿದಳು. ಗಾದಿಲಿಂಗಪ್ಪ ತಾನೇ ಓದಿಕೊಂಡ, ಪೆನ್ನು ಕೆಳಗಿಟ್ಟ.

‘ಇದು ಯಾರಿಗ್ರಿ ಅಂದದ್ದು?’

ಶಶಿಕಾಂತ ಕರ್ಚೀಫು ತೆಗೆದು ಹಣೆ ಒರೆಸಿಕೊಂಡ. ಚೈತ್ರಾಳ ಕಣ್ಣ ಮುಂದೆ ಕುರುಗೋಡಿನ ಮನೆಯ ಬಾಗಿಲು ಅಷ್ಟಗಲ ತೆರೆದುಕೊಂಡಿತು.

‘ಏನೈತಿ, ಓದವ್ವಾ,’ ಎಂದಳು ಚನ್ನವೀರಮ್ಮ.

‘ಹಳ್ಳಿ ಜನಕ್ಕೆ ಏನು ಗೊತ್ತಾಗುತ್ತೆ, ಒಂದು,’ ಎಂದು ಅರುಣಾ ನೆಲ ನೋಡುತ್ತ ಓದಿದಳು.

ಮುದುಕಿ ಎದ್ದು ಟಿವಿಯ ಹತ್ತಿರ ಹೋಗಿ ಮೂಗು ತಾಗಿಸಿದಳು. ಪಂಕ್ತಿಯಲ್ಲಿ ಗಂಡಿನ ಕಡೆಯವರು ಕೂತಿದ್ದರು. ‘ಇವ್ರು ಕುರುಗೋಡಿನ ಬೀಗರಲ್ಲನು? ಹೋಳಿಗಿಗೆ ತುಪ್ಪ ಹಾಕೀವಿ, ಹಾಲು ಹಾಕೀವಿ, ಅದನ್ನ ಬಿಟ್ಟು ಸಾರು ಹುಯ್ಕೊಂಡು ಉಣ್ಣಾಕತ್ಯಾರ ನೋಡು. ಖರೇನ ಬರದಾರಪ್ಪ. ಇದನ್ನ ಹಾಕ್ರಿ. ಬೀಗರಿಗೂ ಒಂದು ಕಾಪಿ ಕಳಸ್ರಿ.’

ಮನೆ ಮತ್ತೆ ನಗೆಗೆ ಬಿತ್ತು. ಕುರುಗೋಡಿನ ಚೈತ್ರಾ ಮಾತ್ರ ತನ್ನ ಊರಿಗೆ ಬಿದ್ದ ಪೆಟ್ಟನ್ನು ಮಿರ್ಚಿಯ ಜೊತೆ ನುಂಗಿದಳು.

‘ಇದು ಯಾರ್ ತಲಿಗೆ ಹೊಳೀತ್ರಿ?’ ಎಂದ ಗಾದಿಲಿಂಗಪ್ಪ.

‘ಸೀ, ಕಾನ್ಸೆಪ್ಟ್ ನಂದೇ,’ ಎಂದ ಶಶಿಕಾಂತ, ಒಂದು ಉಸಿರೂ ತಡಮಾಡದೆ. ‘ಟೈಪಿಂಗ್ ಮಾತ್ರ ಈ ಹುಡುಗಿದು.’

‘ಸಣ್ಣಾಕಿ ಮದುವಿನೂ ನಿಮಗ ಕೊಡ್ತೀವಿ. ಆದ್ರ ಹೆಸರು ಈ ಹುಡುಗೀನ ಇಡಬೇಕ್ರಿ. ಆಕಿ ಇಲ್ಲಂದ್ರ ನೀವೂ ಬ್ಯಾಡ್ರಿ.’

‘ಆಕೆ ಎಲ್ಲಿಗೆ ಹೋಗ್ತಾಳೆ ಸರ್? ಚೈತ್ರಾ ನಮ್ಮ ಪರ್ಮನೆಂಟ್ ಸ್ಟಾಫು,’ ಎಂದ ಶಶಿಕಾಂತ.

ಕೆಲಸ ಹೀಗೆ ಉಳಿಯಿತು. ಚೈತ್ರಾಳಿಗೆ ಸಂತೋಷವಾಗಬೇಕಿತ್ತು. ಆದದ್ದು ಬೆರಗು: ಈ ಮನುಷ್ಯನ ಚರ್ಮಕ್ಕೆ ಸೂಜಿ ಯಾವ ಕಡೆಯಿಂದ ಇಳಿಯುತ್ತದೆ?

‘ಆ ನಾಕು ಮಾತು ಯಾರ್ವು?’ ಚನ್ನವೀರಮ್ಮ ಕುರ್ಚಿಗೆ ಮರಳುತ್ತ ಕೇಳಿದಳು. ‘ಮೂರು ಎಲ್ಲೋ ಈಗಷ್ಟ ಕೇಳಿದಂಗೈತಿ.’ ಗಾದಿಲಿಂಗಪ್ಪ, ಅರುಣಾ ಇಬ್ಬರೂ ಶಶಿಕಾಂತನ ಕಡೆ ನೋಡಿ, ಗಡಬಡಿಸಿ ತಟ್ಟೆಯ ಕಡೆ ನೋಡಿದರು. ಶಶಿಕಾಂತ ಬಾಗಿಲ ಕಡೆ ನೋಡಿದ, ಅಂಥ ಮಾತಾಡುವವನು ಅಲ್ಲೆಲ್ಲೋ ನಿಂತಿರಬಹುದು ಎಂಬಂತೆ.

‘ಯವ್ವಾ ತಂಗಿ,’ ಎಂದಳು ಮುದುಕಿ ಚೈತ್ರಾಳಿಗೆ. ಅವಳ ಕಣ್ಣಲ್ಲಿ ಪೂರ್ತಿ ಗೊತ್ತಿದ್ದವರ ತಂಟೆ ಇತ್ತು. ‘ಅವ ಹೆಂಗ್ ಮಾತಾಡ್ತಾನ, ಒಮ್ಮಿ ಮಾಡಿ ತೋರ್ಸು.’

ಈಗಷ್ಟೇ ಕೈಗೆ ಬಂದ ಕೆಲಸ. ಅವನಿಗೆ ಗುರುತು ಹತ್ತಿದರೆ ಬಳ್ಳಾರಿ ಮುಟ್ಟುವುದರೊಳಗೆ ಮತ್ತೆ ಹೋಗುತ್ತದೆ. ಚೈತ್ರಾಳ ತಲೆ ಬೇಡವೆಂದಿತು. ಗಂಟಲು ಕೇಳಲಿಲ್ಲ. ಎದ್ದು ನಿಂತಳು. ಮೂಗೆಳೆದುಕೊಂಡಳು. ಇಲ್ಲದ ಗಡಿಯಾರವನ್ನು ಮೊಣಕೈವರೆಗೆ ಸರಿಸಿದಳು. ‘ಸೀ,’ ಎಂದಳು, ಅವನದೇ ದನಿಯಲ್ಲಿ, ಅವನದೇ ಗತ್ತಿನಲ್ಲಿ, ಮಾತಿನ ಕೊನೆಗೆ ಅವನು ಎತ್ತುವ ಎಡಹುಬ್ಬಿನ ಸಮೇತ. ನಾಲ್ಕು ಮಾತನ್ನೂ ಒಂದಾದ ಮೇಲೊಂದು ಎಸೆದಳು.

ಗಾದಿಲಿಂಗಪ್ಪ ಗೋಡೆಯ ಕಡೆ ತಿರುಗಿಕೊಂಡ. ಅವನ ಬೆನ್ನು ಕುಣಿಯುತ್ತಿತ್ತು. ಅರುಣಾ ಅಡುಗೆಮನೆಗೆ ಓಡಿದಳು. ಚನ್ನವೀರಮ್ಮನ ಕನ್ನಡಕ ಮಡಿಲಿಗೆ ಬಿತ್ತು.

ಶಶಿಕಾಂತ ಒಂದು ಗಳಿಗೆ ಹುಬ್ಬು ಗಂಟಿಕ್ಕಿ ನೋಡಿದ. ಆಮೇಲೆ ಅವನ ಮುಖ ಹೊಲದಂತೆ ಅಗಲವಾಯಿತು.

‘ಅವನೇ,’ ಎಂದ, ತೊಡೆ ಬಡಿದುಕೊಂಡು. ‘ಹೊಸಪೇಟೆ ರೋಡಿನ ಸ್ಟುಡಿಯೊ ಜಂಬುನಾಥ. ಥೇಟ್ ಅವನೇ. ಬರೀ ಇಷ್ಟೇ ಮಾತಾಡ್ತಾನೆ ಪುಣ್ಯಾತ್ಮ, ದಿನವಿಡೀ.’

ಅಲ್ಲಿಂದ ಮುಂದೆ ಅವನನ್ನು ಹಿಡಿಯುವವರಿಲ್ಲ. ಉಳಿದವರೆಲ್ಲರ ನಗೆಯನ್ನೂ ಮುಳುಗಿಸಿ, ಗಿರಣಿಯಲ್ಲಿ ಮೂಟೆ ಹೊರುವವರು ಇಣುಕಿ ನೋಡುವಷ್ಟು ಜೋರಾಗಿ, ಹೊಟ್ಟೆ ಹಿಡಿದುಕೊಂಡು ನಕ್ಕ. ಕಣ್ಣೀರು ಒರೆಸಿಕೊಳ್ಳಲು ಗಡಿಯಾರವನ್ನು ಮೇಲಕ್ಕೆ ಸರಿಸಿದ, ಮೂಗೆಳೆದುಕೊಂಡ.

‘ಸೀ,’ ಎಂದ ನಗುತ್ತಲೇ, ‘ಇನ್ನೊಂದ್ ಸಲ ಮಾಡು ಚೈತ್ರಾ.’