ಕಿಸೆಯ ತುಂಡು

ಬರೆದ ಕೋಡನ್ನು ವೆಬ್ ಪುಟವಾಗಿ ಕಟ್ಟುವ ಬಿಲ್ಡ್ ಮುಗಿದಿತ್ತು. ಸುಹಾನಾ ಪುಟ ತೆರೆದು ಅದರ ಕೋಡಿನೊಳಗೆ ತಂದೆಯ ಹೆಸರು ಹುಡುಕಿದಳು. ಸಿಗಲಿಲ್ಲ. ಮತ್ತೆ ಹುಡುಕಿದಳು. ಎಲ್ಲಿ ನೋಡಿದರೂ ಅರ್ಥವಿಲ್ಲದ ಅಕ್ಷರ, ಅಂಕಿಗಳ ರಾಶಿ. ಹಾಗಾಗಲೆಂದೇ ಬೆಳಿಗ್ಗೆ ಅವಳು ಬಿಲ್ಡಿಗೆ ಹೊಸದೊಂದು ಹಂತ ಸೇರಿಸಿದ್ದಳು. ಕೋಡು ಮೊದಲಿನಂತೆ ಕೆಲಸ ಮಾಡಬೇಕು, ಇಣುಕಿದವರಿಗೆ ಮಾತ್ರ ಓದಲು ಬರಬಾರದು.

ಅವಳು ಕೆಲಸ ಮಾಡುವ ಬ್ರೂಸ್‌ಪೇಟೆಯ ಮಹಡಿ ಆಫೀಸು ಸತ್ಯಾತ್ಮನದು. ಅವನ ಹಿಂದಿನ ಪುಟವೊಂದನ್ನು ಯಾರೋ ಇದ್ದಹಾಗೇ ನಕಲು ಮಾಡಿ ಮಾರಿದ್ದರು. ಈ ಸಲದ ಪುಟ ಜೀನ್ಸ್ ಹೊಲಿಯುವ ಘಟಕಗಳಿಗೆ. ಸೊಂಟ, ಉದ್ದ ಹಾಕಿದರೆ ಬಟ್ಟೆ ಹಾಳಾಗದಂತೆ ಪ್ಯಾಂಟಿನ ತುಂಡುಗಳನ್ನು ಹೇಗೆ ಜೋಡಿಸಬೇಕೆಂದು ಚಿತ್ರದಲ್ಲಿ ತೋರಿಸುತ್ತದೆ. ಆ ವಿದ್ಯೆ ಸುಹಾನಾಳ ತಂದೆ, ಕಟಿಂಗ್ ಮಾಸ್ಟರ್ ಉಸ್ಮಾನಸಾಬರದು. ಸಂಜೆ ಕ್ಲಾಸಿನಲ್ಲಿ ಕಲಿತ ಕೋಡಿಗೆ ಅವಳು ಅದನ್ನು ಇಳಿಸಿದ್ದಳು. ಪುಟದ ಮೇಲೆ ಹೆಸರು ಹಾಕಲು ಸತ್ಯಾತ್ಮ ಒಪ್ಪದಿದ್ದಾಗ ಕೋಡಿನ ತಲೆಯಲ್ಲಿ ಒಂದು ಸಾಲು ಬರೆದಿದ್ದಳು: ಈ ಲೆಕ್ಕ ಉಸ್ಮಾನಸಾಬ್ ಮಾಸ್ಟರರದು. ಅದನ್ನು ತೋರಿಸಿದ ದಿನ ತಂದೆ ಊಟಕ್ಕೂ ಏಳದೆ ನೋಡುತ್ತ ಕೂತಿದ್ದರು. ಇವತ್ತು ಹಿಂದೆ ಜೊತೆಗೆ ಕತ್ತರಿ ಹಿಡಿದಿದ್ದ ಸಿರುಗುಪ್ಪದ ಗೆಳೆಯ ಉಚ್ಚಂಗೆಪ್ಪನಿಗೆ ತೋರಿಸಲು ಕರೆತರುತ್ತಿದ್ದರು.

"ಆ ಒಂದು ಸಾಲು ಉಳಿಸಾಕ ಬರ್ತೈತಿ ಸರ್, ಉಳಿಸ್ಲೇನು?" ಎಂದು ಕೇಳಿದಳು.

"ಬ್ಯಾಡಮ್ಮ. ಆ ಹೆಸರು ಕಂಡರ ನಾಳೆ ನಕಲು ಮಾಡೋರು ನಿಮ್ಮ ಮನಿಗೇ ಬರ್ತಾರ," ಎಂದ ಸತ್ಯಾತ್ಮ. ಅದೂ ಸುಳ್ಳಲ್ಲವೆನಿಸಿ ಅವಳು ಬಿಲ್ಡನ್ನು ಹಾಗೆಯೇ ಬಿಟ್ಟಳು.

ಅಷ್ಟರಲ್ಲಿ ಗೆಳೆಯರಿಬ್ಬರೂ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದರು. ಉಸ್ಮಾನಸಾಬರು ಒಗೆದ ಅಂಗಿ ಹಾಕಿದ್ದರು.

"ತೆಗಿ ಬೇಟಿ. ಇಂವ ನಂಬವಲ್ಲ."

"ನಲವತ್ತು ವರ್ಷ ಕತ್ತರಿ ಹಿಡದ್ರೂ ಒಂದು ಪ್ಯಾಂಟಿನ ಮ್ಯಾಲೆ ನಿನ್ನ ಹೆಸರಿಲ್ಲ. ಇಲ್ಲಿ ಯಾರು ಹಾಕ್ತಾರಲೇ?" ಎಂದು ಉಚ್ಚಂಗೆಪ್ಪ ನಕ್ಕ.

ಅವಳು ಬರೆದ ಮೂಲ ಕಡತದಲ್ಲಿ ಆ ಸಾಲು ಇನ್ನೂ ಇತ್ತು. ಅದನ್ನು ತೆರೆದರೆ ಸಾಕು, ಅವರಿಗೆ ಗೊತ್ತಾಗುವುದಿಲ್ಲ. ಅವಳ ಬೆರಳು ಅಲ್ಲಿಯವರೆಗೂ ಹೋಯಿತು. ಆಮೇಲೆ ಜನ ನೋಡಲಿರುವ ಪುಟದ ಕೋಡನ್ನೇ ತೆರೆದಳು.

ಉಸ್ಮಾನಸಾಬರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು.

"ಇದರಾಗ ನಾನು ಎಲ್ಲಿ ಅದೀನಿ?"

"ಇಲ್ಲ ಅಬ್ಬಾ. ಕಳ್ಳರು ಓದಬಾರದಂತ ಎಲ್ಲಾ ಕಲಸೀವಿ. ನಿಮ್ಮ ಹೆಸರೂ ಹೋತು. ನಾನ ತಗದೀನಿ."

ಉಚ್ಚಂಗೆಪ್ಪನ ನಗು ನಿಂತಿತು. ಉಸ್ಮಾನಸಾಬರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸತೊಡಗಿದರು. ಒರೆಸಿದ್ದನ್ನೇ ಮತ್ತೆ ಒರೆಸಿದರು. ಏನು ಮಾಡಬೇಕೆಂದು ತಿಳಿಯದೆ ಸುಹಾನಾ ಪುಟಕ್ಕೆ ಮರಳಿ ಯಾವುದೋ ಅಳತೆ ಹಾಕಿದಳು. ನೀಲಿ ಬಟ್ಟೆಯ ಚಿತ್ರದ ಮೇಲೆ ಪ್ಯಾಂಟಿನ ಕಾಲುಗಳು ಎದುರುಬದುರಾಗಿ ಮಲಗಿದವು, ಸೊಂಟದ ಪಟ್ಟಿ ಅಂಚಿಗೆ ಸರಿಯಿತು.

ಉಚ್ಚಂಗೆಪ್ಪ ಮುಂದೆ ಬಾಗಿದ.

"ಉಸ್ಮಾನ, ಇಲ್ನೋಡು. ಕಿಸೆ ತುಂಡು ತಲಿಕೆಳಗ ಮಾಡಿ ಎರಡು ಕಾಲಿನ ಸಂದ್ಯಾಗ ತುರುಕೈತಿ."

"ಹೂಂ."

"ನಮ್ಮ ಸೀಮ್ಯಾಗ ಹಿಂಗ ತುರುಕಾವ ನೀನೊಬ್ಬನ. ಎಷ್ಟು ಸಲ ಬೈದೀನಿ ನಿನಗ."

ಉಸ್ಮಾನಸಾಬರು ಕನ್ನಡಕ ಹಾಕಿಕೊಂಡರು. ಒಂದು ಬೆರಳನ್ನು ತೆರೆಯ ಮೇಲೆ, ಆ ಸಣ್ಣ ತುಂಡಿನ ಅಂಚಿನಗುಂಟ ಮೆಲ್ಲಗೆ ಆಡಿಸಿದರು. ಇನ್ನೊಂಚೂರು ಎಡಕ್ಕೆ ಸರಿಸಬಹುದಿತ್ತು ಎಂದರು.

ಅವರು ಚಹಾಕ್ಕೆಂದು ಕೆಳಗಿಳಿದ ಮೇಲೆ ಸುಹಾನಾ ಪುಟವನ್ನು ಜನರ ಬಳಕೆಗೆ ಬಿಟ್ಟಳು. ತೆರೆಯ ಗಾಜಿನ ಮೇಲೆ, ಕಿಸೆಯ ಸುತ್ತ, ತಂದೆಯ ಬೆರಳಿನಿಂದ ಬಿದ್ದ, ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದ ಬಿಳಿ ಗೆರೆಯಿತ್ತು. ಸಂಜೆ ಕಂಪ್ಯೂಟರು ಆರಿಸುವಾಗಲೂ ಅವಳು ಅದನ್ನು ಒರೆಸಲಿಲ್ಲ.