ಹಾಸಿಗೆ ಅಂಗಡಿಯ ಕಾವಲು

ದೊಡ್ಡಬಳ್ಳಾಪುರದ ಹಳೇ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಸನಾವುಲ್ಲಾ ಹತ್ತಿ ಹಾಸಿಗೆ ಮಾರುತ್ತಾನೆ. ಮಿಲಿಟರಿ ಬಿಟ್ಟು ಬಂದು ಇಪ್ಪತ್ತೆರಡು ವರ್ಷವಾಯಿತು. ಅಂಗಡಿಗೂ ಅಷ್ಟೇ ವಯಸ್ಸು. ಅಷ್ಟು ವರ್ಷದಿಂದ ಒಂದು ಹಾಸಿಗೆ ಮಾತ್ರ ಮಾರಾಟಕ್ಕಿಲ್ಲ. ಒಳಗೋಡೆಯ ಪಕ್ಕದ ಆ ಹಾಸಿಗೆಯ ಮೇಲೆ ಅವನ ಜೊತೆಗಾರ, ತೂಬಗೆರೆಯ ಮುನಿವೆಂಕಟಪ್ಪ ಮಲಗುತ್ತಾನೆ.

ದಿನಾ ಬೆಳಗ್ಗೆ ಹತ್ತು ಗಂಟೆ ಬಸ್ಸಿಗೆ ಬರುತ್ತಾನೆ. ಸನಾವುಲ್ಲಾ ಬಾಗಿಲಿಗೆ ಮುಖಮಾಡಿ ಸ್ಟೂಲಿನ ಮೇಲೆ ಕೂತಿದ್ದನ್ನು ಕಣ್ಣಾರೆ ಕಂಡಮೇಲೆ ಕಣ್ಣು ಮುಚ್ಚುತ್ತಾನೆ. ಮಧ್ಯಾಹ್ನ ಎರಡಕ್ಕೆ ಎದ್ದು, ಟೀ ಕುಡಿದು, ಊರಿಗೆ ಹೊರಡುತ್ತಾನೆ. ಹೆಂಡತಿಗೆ ಹೇಳಿರುವುದು ಅಂಗಡಿಯಲ್ಲಿ ಕೆಲಸ ಅಂತ. ಬೀದಿಯವರು ಕುಂಭಕರ್ಣ ಅಂತ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ ಬಿಡಿ, ಊರಬಾಯಿಗೆ ಬೀಗ ಹಾಕುವವರು ಯಾರು? ರಾತ್ರಿಯಿಡೀ ಅವನಿಗೆ ರೆಪ್ಪೆಗೆ ರೆಪ್ಪೆ ಅಂಟುವುದಿಲ್ಲ ಅಂತ ಅವರಿಗೇನು ಗೊತ್ತು.

ಮಿಲಿಟರಿಯಲ್ಲಿದ್ದಾಗ ಹೀಗಿರಲಿಲ್ಲ. ಕಾಶ್ಮೀರದ ಗಡಿ ಚೌಕಿಯಲ್ಲಿ ಕನ್ನಡ ಬರುತ್ತಿದ್ದುದು ಮೂವರಿಗೇ: ಇವರಿಬ್ಬರು, ಕೋಲಾರದ ಕಡೆಯ ಚಲಪತಿ. ಹೊರಗೆ ಆಳುದ್ದ ಹಿಮ. ಒಳಗೆ ಸೀಮೆಎಣ್ಣೆ ಒಲೆಯ ಸುತ್ತ ಕೂತು, ಹಿತಕಿದ ಬೇಳೆ ಸಾರಿಗೆ ಕೊಬ್ಬರಿ ಹಾಕಬೇಕೋ ಬೇಡವೋ ಅಂತ ಇವರ ಜಗಳ. ಸಾರಿಲ್ಲ, ಬೇಳೆಯಿಲ್ಲ, ಜಗಳ ಮಾತ್ರ ಇತ್ತು. ಆ ಚಳಿಯೊಳಗೆ ನಕ್ಕಷ್ಟು ಸನಾವುಲ್ಲಾ ಆಮೇಲೆ ಯಾವತ್ತೂ ನಕ್ಕಿಲ್ಲ. ಇಬ್ಬರು ಮಲಗಿದರೆ ಒಬ್ಬ ಕಾವಲು. ಒಂದು ಬೆಳಗ್ಗೆ ಇವರಿಬ್ಬರೂ ಮಲಗಿದ್ದಾಗ ಕಾವಲಿದ್ದ ಚಲಪತಿಗೆ ಗುಂಡು ಬಿತ್ತು. ಅವತ್ತಿನಿಂದ, ಸನಾವುಲ್ಲಾ ಎಚ್ಚರವಿದ್ದರೆ ಮಾತ್ರ ಮುನಿವೆಂಕಟಪ್ಪನಿಗೆ ನಿದ್ದೆ.

ಮಾಜಿ ಸೈನಿಕರ ಕ್ಲಿನಿಕ್ಕಿನ ಮನೋವೈದ್ಯೆ ಮಾತ್ರೆ ಬರೆದುಕೊಟ್ಟು, ಮುಂದಿನ ಸಲ ಮನೆಯವರನ್ನು ಕರೆದುಕೊಂಡು ಬನ್ನಿ ಅಂದಿದ್ದರು. ಈ ಪುಣ್ಯಾತ್ಮ ಸನಾವುಲ್ಲಾನನ್ನು ಕರೆದುಕೊಂಡು ಹೋದ. ಹೆಂಡತಿಗೆ ಹೇಳುವುದಿಲ್ಲ ಅಂತ ಆಣೆಯನ್ನೂ ಹಾಕಿಸಿಕೊಂಡ.

ಈಗ ಸನಾವುಲ್ಲಾನ ಎದೆಗೇ ಕತ್ತರಿ ಬೀಳಬೇಕಾಗಿದೆ. ಸೋಮವಾರ ಬೈಪಾಸ್, ಆಮೇಲೆ ಒಂದು ತಿಂಗಳು ಮಂಚ. ಖರ್ಚಿನ ಚಿಂತೆಯಿಲ್ಲ, ಮಾಜಿ ಸೈನಿಕರ ಕಾರ್ಡಿದೆ. ಆದರೆ ಕಾವಲಿಗೆ ಕೂರಲು ಯಾವ ಕಾರ್ಡು ಬರುತ್ತದೆ? ಯೋಚಿಸಿ ಯೋಚಿಸಿ, ಕೊನೆಗೆ ಆಣೆ ಮುರಿದು ಮುನಿವೆಂಕಟಪ್ಪನ ಹೆಂಡತಿ ಲಕ್ಷ್ಮೀದೇವಮ್ಮನಿಗೆ ಫೋನ್ ಮಾಡಿದ.

ಶನಿವಾರ ಮಧ್ಯಾಹ್ನ ಆಕೆ ಬಂದಾಗ ಗಂಡ ಗೊರಕೆ ಹೊಡೆಯುತ್ತಿದ್ದ. ಸನಾವುಲ್ಲಾ ದನಿ ತಗ್ಗಿಸಿ ಎಲ್ಲ ಹೇಳಿದ. ಆಕೆ ಗಂಡನ ಮುಖವನ್ನೇ ನೋಡುತ್ತ ನಿಂತಳು.

"ನನ್ನ ಪಕ್ಕ ಮಲಗೋಕೆ ಇವರಿಗೆ ಇಷ್ಟ ಇಲ್ಲ ಅಂದ್ಕೊಂಡಿದ್ದೆ ಅಣ್ಣಾ," ಅಂದಳು. "ಇಷ್ಟು ವರ್ಷ ಹಂಗೇ ಅಂದ್ಕೊಂಡಿದ್ದೆ."

ಸನಾವುಲ್ಲಾನಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಗೆಳೆಯನ ಮಾನ ಕಾಯಲು ಹೋಗಿ ಈ ತಾಯಿಯ ಹೊಟ್ಟೆ ಉರಿಸಿದ್ದ.

ಆಕೆ ಕಣ್ಣೊರೆಸಿಕೊಂಡು, "ಏಳಿ," ಅಂದಳು. ಸನಾವುಲ್ಲಾ ಸ್ಟೂಲು ಬಿಟ್ಟು ಎದ್ದ. ಆಕೆ ಸ್ಟೂಲಿನ ಮೇಲೆ ಬಾಗಿಲಿಗೆ ಮುಖಮಾಡಿ ಕೂತಳು. ಸ್ಟೂಲು ಕಿರುಗುಟ್ಟಿದ್ದೇ ತಡ, ಮುನಿವೆಂಕಟಪ್ಪ ಕಣ್ಣು ಬಿಟ್ಟ.

"ಹೇಳ್ಬಿಟ್ಯೇನೋ?"

"ಹೇಳ್ದೆ ಕಣೋ."

"ಮಲ್ಕೊಳ್ಳಿ," ಅಂದಳು ಲಕ್ಷ್ಮೀದೇವಮ್ಮ, ತಿರುಗಿ ನೋಡದೆ. "ಬಾಗಿಲು ನಾನು ನೋಡ್ಕೊತೀನಿ."

ಅವನು ಮಲಗಿದ, ಆದರೆ ಕೊರಡಿನ ಹಾಗೆ, ಕಣ್ಣು ಹೆಂಡತಿಯ ಬೆನ್ನ ಮೇಲೆ. ಆಟೋಗಳು ಹೋದವು, ಸೊಪ್ಪಿನವಳು ಕೂಗಿಕೊಂಡು ಹೋದಳು. ಆಕೆ ಅಲುಗಲಿಲ್ಲ. ಬಹಳ ಹೊತ್ತಾದ ಮೇಲೆ ಗೊರಕೆ ಕೇಳಿಸಿತು. ಸನಾವುಲ್ಲಾನಿಗೆ ಹೋದ ಜೀವ ಬಂದ ಹಾಗಾಯಿತು. ಜೊತೆಗೆ, ಸುಳ್ಳೇಕೆ, ಒಂಚೂರು ಹೊಟ್ಟೆಕಿಚ್ಚೂ ಆಯಿತು. ತನ್ನದೇ ಅಂಗಡಿಯಲ್ಲಿ ಕೈ ಎಲ್ಲಿಡಬೇಕೋ ತಿಳಿಯದೆ ನಿಂತ.

"ಅಣ್ಣಾ, ಆಸ್ಪತ್ರೇಲಿ ನಿಮಗೆ ನಿದ್ದೆ ಬರುತ್ತಾ?" ಆಕೆ ಬಾಗಿಲು ನೋಡುತ್ತಲೇ ಕೇಳಿದಳು.

ಅವನನ್ನು ಹೀಗೆ ಯಾರೂ ಕೇಳಿರಲಿಲ್ಲ.

"ಚಲಪತಿ ಹೋದ ಬೆಳಗ್ಗೆ ನಾನೂ ಮಲಗಿದ್ನಲ್ಲಮ್ಮಾ," ಅಂದ. "ದಿನಾ ಇವನ ಗೊರಕೆ ಕೇಳಿದ್ರೆ, ಇವನೊಬ್ಬನಾದ್ರೂ ಉಳ್ಕೊಂಡಿದಾನೆ ಅನ್ಸುತ್ತೆ. ಅದನ್ನ ನೆನೆಸ್ಕೊಂಡೇ ರಾತ್ರಿ ನಿದ್ದೆ ಹೋಗ್ತೀನಿ. ಅದಿಲ್ಲದೆ ಹೆಂಗೋ ಗೊತ್ತಿಲ್ಲ."

ಲಕ್ಷ್ಮೀದೇವಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ದಿನಾ ಮಧ್ಯಾಹ್ನ ಇವರನ್ನ ಆಸ್ಪತ್ರೆಗೆ ಕರ್ಕೊಂಡು ಬರ್ತೀನಿ. ನಿಮ್ಮ ಮಂಚದ ಪಕ್ಕ ಚಾಪೆ ಹಾಸ್ತೀನಿ. ನಾನು ಬಾಗಿಲ ಹತ್ರ ಕೂತಿರ್ತೀನಿ. ಇಬ್ರೂ ಮಲ್ಕೊಳ್ಳಿ."