ಮೂರನೇ ಗಲ್ಲಿಯ ಕೋಳಿ

ಗಲ್ಲಿ ಮೂರು ಬಂದ ದಿನ ನಾನು ಅದರ ಮೇಲೆ ಉಗುಳಿದೆ. ಉಗುಳು ಪರದೆಯ ಗಾಜಿಗೆ ಬಿತ್ತು. ಸೋಮಣ್ಣ ನನ್ನ ತಲೆಯ ಹಿಂಬದಿಗೆ ಒಂದು ಬಿಟ್ಟು, ನನ್ನ ಅಂಗಿಯ ತೋಳನ್ನೇ ಹಿಡಿದು ಅದನ್ನು ಒರೆಸಿದ.

"ಕುಲಗೋಡದಾಗ ಟಿವಿಗೆ ಹಿಂಗ ಉಗುಳ್ತೀರೇನಲೇ?"

"ಕುಲಗೋಡದಾಗ ಇಂಥಾ ಹೊಲಸು ಯಾರೂ ತರೂದಿಲ್ರಿ."

ಅದು ಎರಡು ಸಾವಿರದ ಒಂದನೇ ಇಸವಿಯ ಭಾದ್ರಪದ. ನಾನು ನಮ್ಮೂರು ಕುಲಗೋಡ ಬಿಟ್ಟು ಗೋಕಾಕದ ಹಾಸ್ಟೆಲ್ಲಿನಲ್ಲಿದ್ದು ಪಿಯುಸಿ ಓದುತ್ತಿದ್ದೆ. ಸೋಮಣ್ಣ ಬಸ್ ಸ್ಟ್ಯಾಂಡಿನ ಹಿಂದೆ ವಿಡಿಯೋ ಗೇಮ್ ಅಂಗಡಿ ಇಟ್ಟಿದ್ದ. ಅಂಗಡಿಯೆಂದರೆ ತಗಡಿನ ಒಂದು ಖೋಲಿ, ಅದರೊಳಗೆ ಬೆವರಿನ ವಾಸನೆ. ಇಬ್ಬರು ಜೊತೆಯಾಗಿ ನಿಂತು ಆಡುವ ದೊಡ್ಡ ಡಬ್ಬಿ ಇದ್ದದ್ದು ಒಂದೇ. ಅದರ ಹೊಟ್ಟೆಯಲ್ಲಿ ಯಾವ ಬೋರ್ಡು ಕೂಡಿಸುತ್ತಾನೋ ಆ ಆಟ.

ಆಟಕ್ಕೆ ಇಂಗ್ಲಿಷಿನಲ್ಲಿ ಉದ್ದನೆಯ ಹೆಸರಿತ್ತು. ಯಾರೂ ಅದನ್ನು ಓದುತ್ತಿರಲಿಲ್ಲ. ಒಬ್ಬ ಮನುಷ್ಯ ಒಂದು ಗಲ್ಲಿಯೊಳಗೆ ಹೋಗಿ ಎದುರಿಗೆ ಬಂದವರನ್ನೆಲ್ಲ ಬಡಿಯುತ್ತಾನೆ, ಆದ್ದರಿಂದ ನಮಗೆ ಅದು ಗಲ್ಲಿ. ಗಲ್ಲಿ ಒಂದು ನಾನು ಹೈಸ್ಕೂಲಿನಲ್ಲಿದ್ದಾಗ ಮೂಡಲಗಿಯ ಒಂದು ಹೋಟೆಲ್ಲಿನ ಮೂಲೆಯಲ್ಲಿ ಇರುತ್ತಿತ್ತು. ಅದರಲ್ಲಿ ಒಬ್ಬನೇ ಆಡಬೇಕು. ವೈರಿಗಳು ಬಲಗಡೆಯಿಂದಷ್ಟೇ ಬರುತ್ತಿದ್ದರು, ಸಾಲಿಯ ಪ್ರಾರ್ಥನೆಗೆ ಬಂದವರ ಹಾಗೆ ಸಾಲಾಗಿ. ಪೆಟ್ಟು ತಿಂದು, ಶಕ್ತಿ ತೋರಿಸುವ ಹಳದಿ ಪಟ್ಟಿ ಸಣ್ಣದಾದರೆ ಸೇಬು, ಬ್ರೆಡ್ಡು ಸಿಗುತ್ತಿದ್ದವು. ವಾರದಲ್ಲಿ ಬೇಸರ ಬರುವಂಥ ಆಟ.

ಗಲ್ಲಿ ಎರಡು ಬೇರೆ. ಅದರಲ್ಲಿ ಇಬ್ಬರು ಆಡಬಹುದು. ವೈರಿಗಳು ಹಿಂದಿನಿಂದಲೂ ಬರುತ್ತಾರೆ. ಜೋಡಿಯವನ ಮುಷ್ಟಿ ನಿನಗೂ ಬಡಿಯುತ್ತದೆ, ಹಾಗಾಗಿ ಎಲ್ಲಿ ನಿಲ್ಲಬೇಕೆಂಬುದು ಗೊತ್ತಿರಬೇಕು. ದಾರಿಯಲ್ಲಿಟ್ಟ ಪೆಟ್ಟಿಗೆಗಳನ್ನು ಒಡೆದರೆ ಸೇಬು ಬರುತ್ತದೆ, ಕೆಲವೊಮ್ಮೆ ಹುರಿದ ಇಡೀ ಕೋಳಿ. ಕೋಳಿ ತಿಂದರೆ ಪಟ್ಟಿ ಪೂರ್ತಿ ತುಂಬುತ್ತದೆ. ತಿನ್ನಬೇಕೆಂದರೆ ಅದರ ಮೇಲೆ ನಿಂತು ಬಟನ್ನು ಒತ್ತಬೇಕು.

ಗೋಕಾಕದಲ್ಲಿ ಜೋಡಿಗಳೆಲ್ಲ ಆ ಕೋಳಿಗಾಗಿಯೇ ಜಗಳಾಡಿ ಸಾಯುತ್ತಿದ್ದವು. ನಾನು ಮತ್ತು ಜಿನೇಂದ್ರ ಮಾತ್ರ ಸಾಯುತ್ತಿರಲಿಲ್ಲ. ಜಿನೇಂದ್ರ ಹುಕ್ಕೇರಿಯ ಅರಿವೆ ಅಂಗಡಿಯವರ ಮಗ, ಜೈನ. ಕಾಲೇಜಿಗೆಂದು ಗೋಕಾಕದ ಅತ್ತೆಯ ಮನೆಯಲ್ಲಿದ್ದ. ಅವನು ಪರದೆಯ ಮೇಲಿನ ಕೋಳಿಯನ್ನೂ ತಿನ್ನುತ್ತಿರಲಿಲ್ಲ. ಸೇಬು ಅವನಿಗೆ, ಕೋಳಿ ನನಗೆ. ಮನೆಯಲ್ಲಿ ಹಬ್ಬಕ್ಕೊಮ್ಮೆ ಒಂದು ತುಂಡು ತಿನ್ನುತ್ತಿದ್ದ ನಾನು ಆ ಒಂದು ವರ್ಷದಲ್ಲಿ ಸಾವಿರ ಕೋಳಿ ತಿಂದೆ.

ನಾವು ಗೆಳೆಯರಾಗಿರಲಿಲ್ಲ. ಒಮ್ಮೆ ನಾನು ಕೊಟ್ಟ ಭಜಿಯನ್ನು ಅವನು ಮೂಸಿ ನೋಡಿ, "ಉಳ್ಳಾಗಡ್ಡಿ ಐತಿ" ಅಂತ ಕಾಗದದ ಸಮೇತ ಮರಳಿಸಿದ್ದ. ಅದನ್ನು ನಾನು ಮರೆತಿರಲಿಲ್ಲ. ಆಟದಲ್ಲಿ ಅವನ ಬೆನ್ನಿಗೆ ಆಗಾಗ ಒಂದು ಗುದ್ದುತ್ತಿದ್ದೆ.

"ಯಾಕಲೇ?" ಅನ್ನುತ್ತಿದ್ದ.

"ತಪ್ಪಿ ಬಿತ್ತು."

"ಮೂರು ಸಲ ತಪ್ಪಿ ಬಿತ್ತೇನು?"

"ನಾಕನೇದ್ದು ಬೇಕಂತ ಹಾಕ್ತೇನಿ, ತಡಿ."

ಅವನೂ ತಿರುಗಿ ಗುದ್ದುತ್ತಿದ್ದ. ಆಮೇಲೆ ಇಬ್ಬರೂ ಸೇರಿ ವೈರಿಗಳನ್ನು ಬಡಿಯುತ್ತಿದ್ದೆವು. ಆರನೇ ಸ್ಟೇಜಿನವರೆಗೆ ಹೋದವರು ನಾವಿಬ್ಬರೇ. ಕರೆಂಟು ಹೋದರೆ ಪರದೆಯೊಳಗಿನ ಹೆಸರು ಅಳಿದುಹೋಗುತ್ತದೆಂದು ಸೋಮಣ್ಣ ಡಬ್ಬಿಯ ಕಟ್ಟಿಗೆಯ ಮೇಲೆ ದಪ್ಪ ಪೆನ್ನಿನಲ್ಲಿ ಬರೆದಿದ್ದ: ಗಲ್ಲಿ ಎರಡು, ಶಿದ್ರಾಮ ಕುಲಗೋಡ, ಜಿನೇಂದ್ರ ಹುಕ್ಕೇರಿ. ಗೋಕಾಕದಲ್ಲಿ ನನ್ನ ಹೆಸರು ಬರೆದದ್ದು ಅದೊಂದೇ ಜಾಗದಲ್ಲಿ. ಹಾಸ್ಟೆಲ್ಲಿನ ಹಾಜರಿ ಪುಸ್ತಕದಲ್ಲಿ ನಾನು ಬರೀ ಒಂದು ನಂಬರು.

ಈಗ ಗಲ್ಲಿ ಮೂರು ಬಂದಿತ್ತು. ಆಟದ ಬೋರ್ಡು ಮಾರುವ ವ್ಯಾಪಾರಿಯೊಬ್ಬ ಎಂಟು ದಿನದ ಮಾತಿಗೆ ಕೊಟ್ಟಿದ್ದ. ಎಂಟು ದಿನವಾದ ಮೇಲೆ ಸೋಮಣ್ಣ ಎರಡರಲ್ಲಿ ಒಂದು ಬೋರ್ಡನ್ನು ಅವನಿಗೆ ಮರಳಿಸಬೇಕು. ಹಳೆಯದನ್ನೇ ಮರಳಿಸುತ್ತಾನೆಂದು ಎಲ್ಲರಿಗೂ ಗೊತ್ತಿತ್ತು. ಹುಡುಗರು ಹೊಸದರ ಬಣ್ಣ ನೋಡಿ ಬಾಯಿ ತೆರೆದುಕೊಂಡು ನಿಂತಿದ್ದರು.

ಬಣ್ಣವೇನೋ ಚೆನ್ನಾಗಿತ್ತು. ಮನುಷ್ಯರು ದೊಡ್ಡವರಾಗಿದ್ದರು, ಗುದ್ದಿದರೆ ಡಬ್ಬಿ ನಡುಗುವಂಥ ಸದ್ದು ಬರುತ್ತಿತ್ತು. ಆದರೆ ಆಟ ಸತ್ತಿತ್ತು. ಜೋಡಿಯವನಿಗೆ ನಿನ್ನ ಪೆಟ್ಟು ತಾಗುವುದೇ ಇಲ್ಲ, ಎಲ್ಲಿ ನಿಂತರೂ ನಡೆಯುತ್ತದೆ. ಒಂದೇ ಬಟನ್ನನ್ನು ಒತ್ತುತ್ತಲೇ ಇದ್ದರೆ ಹತ್ತು ಥರದ ಗುದ್ದು ತಾನೇ ಬೀಳುತ್ತದೆ. ನಾನು ಒಂದು ವರ್ಷ ಕಲಿತದ್ದನ್ನು ನಿನ್ನೆ ಬಂದವನೂ ಮಾಡುತ್ತಿದ್ದ. ದಾರಿಯಲ್ಲಿನ ಡ್ರಮ್ಮನ್ನು ಒದ್ದು ಉರುಳಿಸಿದರೆ ಅದು ಮಾತ್ರ ವೈರಿ ಗೆಳೆಯ ಅನ್ನದೆ ಯಾರನ್ನಾದರೂ ಕೆಡವುತ್ತಿತ್ತು. ಗೆಳೆಯನಾದರೆ ಬೀಳುತ್ತಿದ್ದ ಅಷ್ಟೇ, ಪಟ್ಟಿ ಇಳಿಯುತ್ತಿರಲಿಲ್ಲ. ಇಬ್ಬರಿಗೂ ಕೂಡಿ ಮೂರೇ ಜೀವ. ಕೊನೆಯ ಜೀವದಲ್ಲಿ ಒಬ್ಬ ಸತ್ತರೆ ಇಬ್ಬರ ಆಟವೂ ಮುಗಿಯಿತು.

ಸೇಬು ಇರಲೇ ಇಲ್ಲ. ಬರೀ ಕೋಳಿ. ಅದಕ್ಕೆ ಬಟನ್ನೂ ಬೇಡ, ಕಾಲು ತಾಗಿದರೆ ಸಾಕು, ತಿಂದಂತೆಯೇ.

ಮೊದಲ ದಿನ ಜಿನೇಂದ್ರ ಕೋಳಿಯನ್ನು ಸುತ್ತುಬಳಸಿ ದಾಟಿದ. ಹಿಂದೆ ನಿಂತಿದ್ದ ಯಲ್ಲಾರಿ ನಕ್ಕ. ಅವನು ಸಕ್ಕರೆ ಕಾರ್ಖಾನೆಗೆ ಕಬ್ಬಿನ ಟ್ರ್ಯಾಕ್ಟರ್ ಹೊಡೆಯುವವನು, ಕೆಲಸವಿಲ್ಲದ ದಿನ ಅಂಗಡಿಯಲ್ಲೇ ಬಿದ್ದಿರುತ್ತಿದ್ದ.

"ಮಂದಿನ್ನ ಬಡ್ಯಾಕ ನಡೀತೈತಿ, ಕೋಳಿ ತಿನ್ನಾಕ ನಡಿಯಂಗಿಲ್ಲೇನೋ ಜಿನ್ಯಾ?"

"ಇವರೇನು ಸಾಯೂದಿಲ್ಲ. ಮಿಣುಕಿ ಮಾಯ ಆಗ್ತಾರ."

"ಕೋಳೀನೂ ಮಾಯ ಆಗ್ತೈತಲ್ಲೋ!"

"ಅದು ಮೊದಲ ಸತ್ತೈತಿ."

ಎಲ್ಲರೂ ನಕ್ಕರು. ಅವನು ನಗಲಿಲ್ಲ. ಜೈನರ ದಶಲಕ್ಷಣ ಪರ್ವದ ದಿನಗಳವು. ಅವನು ಒಪ್ಪತ್ತು ಮಾಡುತ್ತಿದ್ದ. ಬಸದಿಯಲ್ಲಿ ಮುನಿಗಳ ಮುಂದೆ ಕೂತು ನಿಯಮ ತಗೊಂಡಿದ್ದ: ಮನಸ್ಸು, ಮಾತು, ಮೈ ಮೂರರಿಂದಲೂ ಮಾಂಸ ಮುಟ್ಟುವುದಿಲ್ಲ. ಅವನ ಅಜ್ಜಿ ಜಿನ್ನವ್ವ, ಹಿಟ್ಟಿನ ಕೋಳಿ ಮಾಡಿ ಕೊಯ್ದರೂ ಕೊಂದ ಪಾಪವೇ ಅಂತ ಸಣ್ಣಂದಿನಿಂದ ಹೇಳಿಟ್ಟಿದ್ದಳಂತೆ.

"ಎರಡನೇದ್ದು ಕೇಳತಿತ್ತು," ಅಂದ ನನಗೆ. "ಒತ್ತತೀಯೋ ಇಲ್ಲೋ ಅಂತ. ಇದು ಕೇಳೂದಿಲ್ಲ. ನನಗೂ ಇದು ಬ್ಯಾಡ."

ಅವನ ಮಾತಿಗೆ ನಾನು ತಲೆಯಾಡಿಸಿದ್ದು ಅದೇ ಮೊದಲು. ಇಬ್ಬರೂ ಸೋಮಣ್ಣನ ಹತ್ತಿರ ಹೋದೆವು. ಅವನು ಬೀಡಿ ಹಚ್ಚುತ್ತಿದ್ದ.

"ಸೋಮಣ್ಣಾ, ಹೊಸದ್ದು ಮರಳಿ ಕಳಸ್ರಿ," ಅಂದೆ. "ಅದರಾಗ ಏನೂ ಇಲ್ಲ. ಹುಡುಗರು ಹದಿನೈದು ದಿನದಾಗ ಮುಗಿಸಿ ಎದ್ದು ಹೋಗ್ತಾರ."

"ನೀ ಮುಗಿಸೀದೇನು?"

"ಮುಗಸ್ತೇನ್ರಿ."

"ಆತು. ರವಿವಾರ ಆ ವ್ಯಾಪಾರಿ ಬರೂದ್ರಾಗ ನೀವಿಬ್ಬರು ಒಂದೊಂದ ಕಾಯಿನ್ನಿನಾಗ ಪೂರಾ ಮುಗಿಸ್ರಿ. ಮುಗಿಸಿದ್ರ ಹೊಸದ್ದು ಗಂಟು ಕಟ್ಟತೇನಿ. ಇಲ್ಲಂದ್ರ ಹಳೇದ್ದು. ಮತ್ತ ಬಾಯಿ ತಗೀಬಾರದು."

ಹೊರಗೆ ಬಂದ ಮೇಲೆ ಜಿನೇಂದ್ರ ನನ್ನ ತೋಳು ಹಿಡಿದ. "ಆಡ್ತೇನಿ. ಆದ್ರ ಡ್ರಮ್ಮು ಹೊಡದು ನನ್ನ ಕೋಳಿ ಮ್ಯಾಲ ಕೆಡವಬ್ಯಾಡ. ನಿನಗ ಚ್ಯಾಷ್ಟಿ, ನನಗ ಅಲ್ಲ."

"ಕೆಡವೂದಿಲ್ಲ."

"ಖರೆ?"

"ಖರೆ ಅಂದ್ನಿಲ್ಲ. ಕೈ ಬಿಡು."

ರವಿವಾರ ಬೆಳಿಗ್ಗೆ ಹತ್ತಕ್ಕೆ ಶುರು ಮಾಡಿದೆವು. ತಗಡು ಆಗಲೇ ಕಾದಿತ್ತು. ಸುತ್ತ ಇಪ್ಪತ್ತು ಹುಡುಗರು ನಿಂತಿದ್ದರು. ಮೊದಲ ನಾಲ್ಕು ಸ್ಟೇಜು ಬೆಣ್ಣೆಯ ಹಾಗೆ ಹೋದವು. ಕೋಳಿ ಬಂದರೆ ಅವನು ದೂರ ಸರಿಯುತ್ತಿದ್ದ, ನಾನು ಹೋಗಿ ತಿನ್ನುತ್ತಿದ್ದೆ. ಐದರಲ್ಲಿ ಅವನು ಒಮ್ಮೆ ಸತ್ತ, ಆರರಲ್ಲಿ ಮತ್ತೊಮ್ಮೆ. ತಿನ್ನದವನು ಎಷ್ಟು ಹೊತ್ತು ಬದುಕುತ್ತಾನೆ?

"ಉಪಾಸ ಬಿದ್ದು ಸಾಯಾಕತ್ತಾನೋ ನಿನ್ನ ಜೋಡಿ," ಅಂದ ಯಲ್ಲಾರಿ. "ಹಾಲರ ಕುಡಸು."

ಏಳನೆಯದು ಕೊನೆಯ ಸ್ಟೇಜು, ಒಂದು ಗೋದಾಮು. ಅಲ್ಲಿ ಕೋಟು ಹಾಕಿದ, ಹೊಟ್ಟೆಯ, ಬಂಗಾರದ ವಾಚಿನವನೊಬ್ಬ ಬರುತ್ತಾನೆ. ಹುಡುಗರು ಅವನಿಗೆ ಸಾವ್ಕಾರ ಅನ್ನುತ್ತಿದ್ದರು.

"ನಿಮ್ಮಪ್ಪ ಬಂದ ನೋಡೋ," ಅಂದೆ.

"ನಿನ್ನ ಬಾಯಿ ಮುಚ್ಚು. ಎಡಗಡಿ ನೋಡು."

ಜಿನೇಂದ್ರ ಚೆನ್ನಾಗಿಯೇ ಆಡಿದ. ಅದನ್ನು ಒಪ್ಪಬೇಕು. ಹಸಿದ ಹೊಟ್ಟೆಯಲ್ಲಿ, ತಪ್ಪಿಲ್ಲದೆ. ಸಾವ್ಕಾರನ ಪಟ್ಟಿ ಕಾಲುಭಾಗಕ್ಕೆ ಇಳಿಯಿತು. ನಮ್ಮಿಬ್ಬರಿಗೂ ಉಳಿದದ್ದು ಕೊನೆಯ ಜೀವ. ನನ್ನ ಪಟ್ಟಿ ಅರ್ಧ ಇತ್ತು. ಜಿನೇಂದ್ರನದು ಉಗುರಿನಷ್ಟು. ಇನ್ನೊಂದು ಗುದ್ದು ಬಿದ್ದರೆ ಅವನೂ ಹೋದ, ನಾನೂ ಹೋದೆ, ಗಲ್ಲಿ ಎರಡೂ ಹೋಯಿತು.

ಆಗ ಪೆಟ್ಟಿಗೆ ಒಡೆದು ಕೋಳಿ ಬಂತು. ಅವನ ಕಾಲಿನಿಂದ ಒಂದು ಹೆಜ್ಜೆ ಆಚೆ.

"ಜಿನ್ಯಾ, ತಿನ್ನು."

"ಇಲ್ಲ."

"ಒಂದ ಹೆಜ್ಜಿ ಲೇ."

"ನೀ ತಿನ್ನು. ನಾ ತಪ್ಪಿಸ್ಕೋತೇನಿ."

"ಎಲ್ಲಿ ತಪ್ಪಿಸ್ಕೋತಿ? ಬಂದ ನೋಡು ಅಂವಾ!"

"ಇಲ್ಲಂದ್ನಿಲ್ಲ!"

ಸಾವ್ಕಾರ ಅವನ ಕಡೆ ಹೊರಟಿದ್ದ. ನನ್ನ ಪಕ್ಕದಲ್ಲಿ ಡ್ರಮ್ಮು ಇತ್ತು. ನಾನು ವಿಚಾರ ಮಾಡಲಿಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ. ಭಜಿಯ ಕಾಗದವೂ ನೆನಪಾಯಿತು. ಒದ್ದೆ. ಡ್ರಮ್ಮು ಉರುಳಿ ಹೋಗಿ ಅವನ ಮನುಷ್ಯನನ್ನು ಕೆಡವಿತು, ಅವನು ಜಾರುತ್ತ ಹೋಗಿ ಕೋಳಿಯ ಮೇಲೆ ಬಿದ್ದ. ಟಿಂಗ್ ಅಂತು. ಅವನ ಪಟ್ಟಿ ಈ ತುದಿಯಿಂದ ಆ ತುದಿಗೆ ಹಳದಿಯಾಯಿತು.

ಖೋಲಿ ಎದ್ದು ಕುಣಿಯಿತು.

"ತಿಂದ್ನಲೇ! ಜಿನ್ಯಾ ಕೋಳಿ ತಿಂದ!" ಯಲ್ಲಾರಿ ತಗಡು ಬಡಿದ. "ಹೆಂಗಿತ್ತೋ? ಖಾರ ಕಡಿಮಿ ಆಗಿತ್ತೇನು?"

ಜಿನೇಂದ್ರ ಹ್ಯಾಂಡಲ್ಲಿನಿಂದ ಕೈ ತೆಗೆದ. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ.

"ಆಡಲೇ!" ಅಂದೆ. "ಪಟ್ಟಿ ತುಂಬೇತಿ, ಆಡು!"

ಅವನು ಪರದೆ ನೋಡುತ್ತ ನಿಂತ. ಪರದೆಯಲ್ಲಿ ಅವನ ಮನುಷ್ಯನೂ ನಿಂತಿದ್ದ, ಎದೆಯುಬ್ಬಿಸಿ, ತುಂಬಿದ ಪಟ್ಟಿಯೊಂದಿಗೆ. ಸಾವ್ಕಾರ ಬಂದು ಗುದ್ದತೊಡಗಿದ. ನಾನು ಎಡಗೈಯಿಂದ ಅವನ ಹ್ಯಾಂಡಲ್ಲು ಹಿಡಿದೆ, ಬಲಗೈಯಿಂದ ನನ್ನದು. ಬಟನ್ನು ಒತ್ತಲು ಕೈ ಉಳಿಯಲಿಲ್ಲ. ಅವನನ್ನು ಬೈದೆ, ಅವನ ತಾಯಿಯನ್ನು ಬೈದೆ, ಮೊಣಕೈಯಿಂದ ಅವನ ಪಕ್ಕೆಗೆ ತಿವಿದೆ. ತುಂಬಿದ ಪಟ್ಟಿ ಖಾಲಿಯಾಗಲು ಒಂದು ನಿಮಿಷವಾದರೂ ಹಿಡಿಯಿತು. ಆ ನಿಮಿಷ ಅವನನ್ನು ಬಿಟ್ಟು ನನ್ನ ಆಟ ಆಡಿದ್ದರೆ ಸಾವ್ಕಾರನ ಕಾಲುಭಾಗ ನಾನೊಬ್ಬನೇ ಮುಗಿಸುತ್ತಿದ್ದೆ. ಅದು ಹೊಳೆದದ್ದು ಅವನ ಮನುಷ್ಯ ಬಿದ್ದು ಮಿಣುಕತೊಡಗಿದಾಗ.

ಪರದೆ ಕಪ್ಪಾಯಿತು.

"ಮುಗೀತ್ರಿ," ಅಂದ ಸೋಮಣ್ಣ, ಸ್ಕ್ರೂ ಡ್ರೈವರ್ ಹುಡುಕುತ್ತ.

ನಾನು ಜಿನೇಂದ್ರನ ಕೊರಳಪಟ್ಟಿ ಹಿಡಿದೆ. "ಒಂದು ಬಣ್ಣದ ಚುಕ್ಕಿ ಸಲುವಾಗಿ! ಅದು ಕೋಳಿ ಅಲ್ಲಲೇ, ಚುಕ್ಕಿ!"

"ಚುಕ್ಕಿ ಆಗಿದ್ರ ಅದರ ಮ್ಯಾಲ ನನ್ನ ಯಾಕ ಕೆಡವಿದಿ?"

ಅವನು ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ.

"ಎರಡನೇದ್ರಾಗ ನೀ ನನ್ನ ಬಡೀತಿದ್ದಿ. ಬಡದಿ ಅಂತ ನನಗ ಗೊತ್ತಾಗ್ತಿತ್ತು, ನಾನೂ ಬಡೀತಿದ್ನಿ. ಅದು ಚಲೋ ಇತ್ತು. ಈ ಮೂರನೇದ್ದು ನಿನಗ ಸರಿಯಾಗೇತಿ. ಇಟ್ಕೋ."

ಹೊರಗೆ ಹೋಗಿ ಬಸ್ ಸ್ಟ್ಯಾಂಡಿನ ನಳದಲ್ಲಿ ಮೊಣಕೈವರೆಗೆ ಕೈ ತೊಳೆದುಕೊಂಡ. ಬಾಯಿಯನ್ನೂ ಮುಕ್ಕಳಿಸಿದ. ಹುಡುಗರು ಅದನ್ನು ನೋಡಿ ಮತ್ತೆ ನಕ್ಕರು. ನಾನೂ ನಕ್ಕೆ. ತಪ್ಪಾಯಿತು ಅಂತ ನಾನು ಅವನಿಗೆ ಆವತ್ತೂ ಹೇಳಲಿಲ್ಲ, ಕಾಲೇಜಿನಲ್ಲಿ ಎದುರಾದಾಗಲೂ ಹೇಳಲಿಲ್ಲ.

ವ್ಯಾಪಾರಿ ಹನ್ನೆರಡಕ್ಕೆ ಬಂದ. ಸೋಮಣ್ಣ ಗಲ್ಲಿ ಎರಡರ ಬೋರ್ಡನ್ನು ಹಳೆಯ ಪೇಪರಿನಲ್ಲಿ ಸುತ್ತಿ ಅವನ ಚೀಲಕ್ಕೆ ಹಾಕಿದ. ಆಮೇಲೆ ಸೀಮೆಎಣ್ಣೆಯಲ್ಲಿ ಅದ್ದಿದ ಅರಿವೆ ನನ್ನ ಕೈಗಿಟ್ಟು ಡಬ್ಬಿಯ ಮೇಲಿನ ನಮ್ಮ ಹೆಸರು ತೋರಿಸಿದ. "ಒರಸು. ಹೊಸ ಹೆಸರ ಬರೀಬೇಕು." ಒರೆಸಿದೆ. ಬೇಗನೇ ಹೋಯಿತು.

ಯಲ್ಲಾರಿ ಎರಡು ಕಾಯಿನ್ನು ಹಾಕಿ ನನ್ನ ಹೆಗಲಿಗೆ ಹೊಡೆದ. "ಬಾರಲೇ, ನಾ ಆಗ್ತೇನಿ ನಿನ್ನ ಜೋಡಿ. ನಾ ಎಲ್ಲಾ ತಿಂತೇನಿ."

ಮೊದಲ ಸ್ಟೇಜಿನಲ್ಲಿ ಕೋಳಿ ಬಂತು. ಇಬ್ಬರೂ ಓಡಿದೆವು. ಅವನು ತಿಂದ, ಅವನ ಪಟ್ಟಿ ಮೊದಲೇ ತುಂಬಿತ್ತು. ನಾನು ಅವನ ತಾಯಿಯನ್ನು ಬೈದೆ, ಅವನು ನನ್ನ ತಾಯಿಯನ್ನು ಬೈದ. ಎರಡನೇ ಸ್ಟೇಜಿನಲ್ಲಿ ಸತ್ತೆವು.